ಹತ್ತು ಅಡಿ ಕಾರು, ನಾಲ್ಕು ಮಂದಿ, ಅವರ ಸಾಮಾನು: ಅಲೆಕ್ ಇಸಿಗೋನಿಸ್

ಈ ಪತ್ರಿಕೆಗೆ ದೊಡ್ಡವರೊಬ್ಬರ ಜೀವನದ ಬಗ್ಗೆ ಬರೀರಿ ಅಂದ್ರೆ ನಮ್ಮಲ್ಲಿ ಹೆಚ್ಚಾಗಿ ಎರಡೇ ಹೆಸರು ಬರ್ತಾವೆ. ಒಂದು ಸರ್ ಎಂ. ವಿಶ್ವೇಶ್ವರಯ್ಯ, ಇನ್ನೊಂದು ನಮ್ಮ ಊರಿನ ಹೆಮ್ಮೆ ಫ.ಗು. ಹಳಕಟ್ಟಿ. ಇಬ್ಬರ ಬಗ್ಗೆಯೂ ನಮಗಿಂತ ಚೆನ್ನಾಗಿ ಬರೆದವರು ಇದ್ದಾರೆ. ನಾವು ಈ ಸಲ ಅಲೆಕ್ ಇಸಿಗೋನಿಸ್ ಅನ್ನೋ ಎಂಜಿನಿಯರ್ ಬಗ್ಗೆ ಬರೀತಿದ್ದೀವಿ. ಹೆಸರು ನಾಲಿಗೆಗೆ ಕಷ್ಟ, ಒಪ್ತೀವಿ. ಆದರೆ ಅವರು ಮಾಡಿದ ಕಾರು ಎಲ್ಲರೂ ನೋಡಿದ್ದೇ. ಮಿಸ್ಟರ್ ಬೀನ್ ಓಡಿಸ್ತಾನಲ್ಲ, ಆ ಮಿನಿ.

ಅವರ ಕಥೆ ನಮ್ಮ ಕೈಗೆ ಸಿಕ್ಕಿದ್ದು ಲೈಬ್ರರಿಯಲ್ಲಿ ಅಲ್ಲ, ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿನ ಬಾಜೂಕ. ನಾವು ಮೂವರು, ಮೆಕ್ಯಾನಿಕಲ್ ಎರಡನೇ ವರ್ಷ. ಒಬ್ಬರದು ವಿಜಯಪುರ ಸಿಟಿ, ಒಬ್ಬರದು ಬಬಲೇಶ್ವರ, ಇನ್ನೊಬ್ಬರದು ತಿಕೋಟಾ. ತಿಕೋಟಾದವನ ಕಾಕಾ ಹತ್ರ ಒಂದು ಹಳೇ ಮಾರುತಿ 800 ಇದೆ. ಅದನ್ನ ಸ್ಪೋರ್ಟ್ಸ್ ಕಾರ್ ಥರ ಮಾಡಬೇಕು ಅನ್ನೋದು ನಮ್ಮ ಕನಸು. ಹಿಂದಿನ ಸೀಟು ಕಿತ್ತು, ಮುಂದೆ ಎರಡು ಬಕೆಟ್ ಸೀಟು ಹಾಕಿ, ಸ್ವಲ್ಪ ಕೆಳಗೆ ಇಳಿಸಿ, ಅಥಣಿ ರೋಡಿನಲ್ಲಿ ಬೆಳಿಗ್ಗೆ ಐದಕ್ಕೆ ಒಂದು ರೌಂಡು. ಕಾಕಾ ನಕ್ಕು ಒಪ್ಪಿದರು, ಆದರೆ ಒಂದೇ ಷರತ್ತು ಹಾಕಿದರು. ಏನು ಬೇಕಾದ್ರೂ ಮಾಡ್ಕೋರಿ, ನನ್ನ ನಾಲ್ಕು ಬಾಕ್ಸ್ ಒಣದ್ರಾಕ್ಷಿ, ಕಾಕು, ಆಕೆಯ ಬುತ್ತಿಚೀಲ, ಇಷ್ಟೂ ವಿಜಯಪುರಕ್ಕೆ ಒಂದೇ ಟ್ರಿಪ್ಪಿನಲ್ಲಿ ಹೋಗಬೇಕು ಅಂತ. ನಾವು ಟೇಪು ಹಿಡಿದು ಕೂತೆವು. ಸ್ಟೆಪ್ನಿ, ಜ್ಯಾಕು, ಪಾನಾ ಎಲ್ಲ ಹೊರಗೆ ತೆಗೆದು ನೆಲದ ಮೇಲೆ ಇಟ್ಟು, ಮತ್ತೆ ಒಳಗೆ ಇಡಲಿಕ್ಕೆ ಹೋದ್ರೆ ಜಾಗವೇ ಇಲ್ಲ! ಒಂದು ಕಾರಿನೊಳಗೆ ಜಾಗ ಅನ್ನೋದು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ ಅಂತ ಹುಡುಕುತ್ತಾ ಹೋದಾಗ ಎದುರಾದ ಮನುಷ್ಯ ಇವರು.

ಅಲೆಕ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಆಗಿನ ಆಟೊಮನ್ ಸಾಮ್ರಾಜ್ಯದ ಸ್ಮಿರ್ನಾ ಬಂದರಿನಲ್ಲಿ. ಈಗ ಅದು ತುರ್ಕಿಯ ಇಜ್ಮಿರ್. ಅಪ್ಪ ಕಾನ್‌ಸ್ಟಂಟೈನ್ ಗ್ರೀಕ್ ಮೂಲದವರು, ಹಡಗಿನ ಎಂಜಿನಿಯರಿಂಗ್ ಕೆಲಸ, ಬ್ರಿಟಿಷ್ ಪೌರತ್ವ. ಅಮ್ಮ ಹುಲ್ಡಾ ಜರ್ಮನ್ ಮೂಲದವರು. ಮನೆ ತುಂಬ ಯಂತ್ರಗಳ ಮಾತು, ಅನುಕೂಲಸ್ಥರ ಮನೆ. ಇಷ್ಟು ಕೇಳಿದ್ರೆ ಸುಖದ ಬಾಲ್ಯ ಅನಿಸ್ತದೆ. ಆದರೆ ಮೊದಲನೇ ಮಹಾಯುದ್ಧ ಬಂತು, ಅದು ಮುಗಿದ ಮೇಲೆ ಗ್ರೀಕ್ ಸೈನ್ಯಕ್ಕೂ ತುರ್ಕರಿಗೂ ಯುದ್ಧ. 1922ರ ಸೆಪ್ಟೆಂಬರಿನಲ್ಲಿ ತುರ್ಕಿ ಪಡೆಗಳು ಸ್ಮಿರ್ನಾ ಹತ್ತಿರ ಬಂದಾಗ, ಬ್ರಿಟಿಷ್ ಪೌರರು ಅಂತ ಈ ಕುಟುಂಬವನ್ನ ಬ್ರಿಟಿಷ್ ನೌಕಾಪಡೆಯವರು ಹಡಗು ಹತ್ತಿಸಿ ಮಾಲ್ಟಾ ದ್ವೀಪಕ್ಕೆ ಸಾಗಿಸಿದರು. ಆಮೇಲೆ ಆ ಊರಿಗೆ ಬಿದ್ದ ಬೆಂಕಿಯಲ್ಲಿ ಊರಿನ ದೊಡ್ಡ ಭಾಗವೇ ಸುಟ್ಟುಹೋಯಿತು. ಮನೆ, ಕಾರ್ಖಾನೆ, ಎಲ್ಲಾ ಬಿಟ್ಟು ಬಂದಿದ್ದು. ಅಪ್ಪ ಮಾಲ್ಟಾದಲ್ಲೇ ತೀರಿಕೊಂಡರು. ಹದಿನಾರು ವರ್ಷದ ಹುಡುಗ ಮತ್ತು ಅಮ್ಮ 1923ರಲ್ಲಿ ಇಂಗ್ಲೆಂಡಿಗೆ ಬಂದರು.

ನಾವು ಇಲ್ಲಿ ಸ್ವಲ್ಪ ಹೊತ್ತು ನಿಂತೆವು. ಹಡಗು ಹತ್ತುವಾಗ ಏನು ತಗೊಂಡು ಹೋಗಬಹುದು, ಏನು ಬಿಡಬೇಕು ಅನ್ನೋ ಲೆಕ್ಕ ಹದಿನೈದನೇ ವಯಸ್ಸಿನಲ್ಲೇ ಹಾಕಿದ ಹುಡುಗ, ಮುಂದೆ ಜೀವನಪೂರ್ತಿ ಸಣ್ಣ ಜಾಗದಲ್ಲಿ ಏನೇನು ಹಿಡಿಸಬಹುದು ಅಂತಲೇ ಯೋಚಿಸಿದ. ಒಂದರಿಂದ ಇನ್ನೊಂದು ಬಂತು ಅಂತ ಹೇಳೋಕೆ ನಮ್ಮ ಹತ್ರ ಯಾವ ಪುರಾವೆಯೂ ಇಲ್ಲ. ಆದರೂ ಅದು ತಲೆಯಿಂದ ಹೋಗ್ತಿಲ್ಲ.

ಲಂಡನ್ನಿನ ಬ್ಯಾಟರ್ಸೀ ಪಾಲಿಟೆಕ್ನಿಕ್ಕಿಗೆ ಸೇರಿದರು. ಈಗ ನಮ್ಮ ಕ್ಲಾಸಿನ ಅರ್ಧ ಮಂದಿ ಎದ್ದು ಕೂರುವ ವಿಷಯ: ಅಲೆಕ್ ಗಣಿತದಲ್ಲಿ ಒಂದಲ್ಲ, ಎರಡಲ್ಲ, ಮೂರು ಸಲ ಫೇಲ್. ಡ್ರಾಯಿಂಗಿನಲ್ಲಿ ಮಾತ್ರ ಕೈ ಅದ್ಭುತ. ಗಣಿತ ಅಂದ್ರೆ ಹೊಸದು ಮಾಡೋವರಿಗೆ ಶತ್ರು ಅಂತ ಮುಂದೆ ದೊಡ್ಡವರಾದ ಮೇಲೂ ಹೇಳ್ತಾ ಇದ್ದರಂತೆ. ಎಂ-ತ್ರೀ ಬ್ಯಾಕ್ ಉಳಿಸಿಕೊಂಡವರು ಇದನ್ನ ಸ್ಟೇಟಸ್ ಹಾಕೋ ಮುಂಚೆ ಒಂದು ವಿಷಯ ತಿಳ್ಕೋಬೇಕು. ಅವರು ಗೀಚಿದ ಚಿತ್ರವನ್ನ ನಿಜವಾದ ಅಳತೆಯ ಡ್ರಾಯಿಂಗ್ ಮಾಡಿ, ಲೆಕ್ಕ ಹಾಕಿ, ಅದು ನಿಲ್ತದೋ ಮುರೀತದೋ ಅಂತ ನೋಡ್ತಿದ್ದವರು ಬೇರೆ ಇದ್ದರು. ಅದರಲ್ಲಿ ಮುಖ್ಯವಾಗಿ ಜ್ಯಾಕ್ ಡೇನಿಯಲ್ಸ್ ಅನ್ನೋ ಎಂಜಿನಿಯರ್. ನಮ್ಮ ಅಭಿಪ್ರಾಯ ಕೇಳಿದ್ರೆ, ಡೇನಿಯಲ್ಸ್ ಇಲ್ಲದೆ ಮಿನಿ ಇಲ್ಲ. ಜೀವನಚರಿತ್ರೆ ಮಾತ್ರ ಡೇನಿಯಲ್ಸ್ ಬಗ್ಗೆ ಯಾರೂ ಬರೆಯೋದಿಲ್ಲ. ನಾವೂ ಬರೀತಿಲ್ಲ.

ಓದು ಮುಗಿಸಿ ಹಂಬರ್ ಕಂಪನಿ, ಆಮೇಲೆ 1936ರಲ್ಲಿ ಮಾರಿಸ್ ಮೋಟಾರ್ಸ್. ಇದೇ ಹೊತ್ತಿನಲ್ಲಿ ಅವರಿಗೆ ರೇಸಿನ ಹುಚ್ಚು. ಗೆಳೆಯ ಜಾರ್ಜ್ ಡೌಸನ್ ಜೊತೆ ಸೇರಿ, ರಜೆಯ ದಿನಗಳಲ್ಲಿ, ಕೈ ಉಪಕರಣಗಳಿಂದಲೇ ಒಂದು ರೇಸ್ ಕಾರು ಕಟ್ಟಿದರು. ಹೆಸರು ಲೈಟ್‌ವೇಟ್ ಸ್ಪೆಷಲ್. ಮುಗಿಯೋಕೆ 1938 ಆಯಿತು. ನಮ್ಮ 800ರ ಕೆಲಸ ಮೂರು ಭಾನುವಾರಕ್ಕೇ ಬೇಜಾರಾಗಿ ನಿಂತಿತ್ತು ಅನ್ನೋದನ್ನ ಇಲ್ಲಿ ಸೇರಿಸಿದ್ರೆ ಅವರ ತಾಳ್ಮೆ ಎಷ್ಟು ಅಂತ ಗೊತ್ತಾಗ್ತದೆ. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಕೆಳಗೆ ಭಾರದ ಚಾಸಿ, ಅದರ ಮೇಲೆ ಬಾಡಿ. ಇವರು ಚಾಸಿಯನ್ನೇ ತೆಗೆದುಹಾಕಿ, ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡು ಅಂಟಿಸಿದ ಪಕ್ಕದ ಗೋಡೆಗಳೇ ಭಾರ ಹೊರೋ ಹಾಗೆ ಮಾಡಿದರು. ಸಸ್ಪೆನ್ಷನ್ನಿಗೆ ರಬ್ಬರು. ಒಂದು ವಸ್ತು ಎರಡು ಕೆಲಸ ಮಾಡಬೇಕು, ಒಂದೇ ಕೆಲಸ ಮಾಡೋದಾದ್ರೆ ಅದಕ್ಕೆ ಕಾರಿನಲ್ಲಿ ಜಾಗ ಇಲ್ಲ ಅನ್ನೋ ಬುದ್ಧಿ ಇಲ್ಲೇ ಶುರು.

ನಮ್ಮೂರಲ್ಲಿ ಇದು ಅರ್ಥವಾಗೋದು ಸುಲಭ. ಗೋಳಗುಮ್ಮಟದೊಳಗೆ ನಿಂತು ಮೇಲೆ ನೋಡಿದ್ದೀರಲ್ಲ? ಅಷ್ಟು ದೊಡ್ಡ ಗುಮ್ಮಟ, ನಡುವೆ ಒಂದೂ ಕಂಬ ಇಲ್ಲ. ಒಂದನ್ನೊಂದು ದಾಟಿ ಹೋಗುವ ಎಂಟು ಕಮಾನುಗಳು ಗುಮ್ಮಟದ ಭಾರವನ್ನ ಗೋಡೆಗೆ ಒಯ್ದು ಇಳಿಸ್ತಾವೆ. ಅದಕ್ಕೇ ಒಳಗೆ ಪೂರ್ತಿ ಖಾಲಿ. ಭಾರ ಹೊರೋದೆಲ್ಲ ಅಂಚಿಗೆ ಸರಿದ್ರೆ ನಡುವಿನ ಜಾಗ ಮನುಷ್ಯರಿಗೆ ಉಳೀತದೆ. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗ್ತೀವಿ, ಇದು ಹೊಳೆದಿದ್ದು ಮಾತ್ರ ಮಿನಿ ಬಗ್ಗೆ ಓದಿದ ಮೇಲೆ.

ಮಾರಿಸ್‌ನಲ್ಲಿ ಅವರ ಮೊದಲ ದೊಡ್ಡ ಹೆಸರು 1948ರ ಮಾರಿಸ್ ಮೈನರ್. ಈ ಕಾರಿನ ಒಂದು ಘಟನೆ ಬರೀಲೇಬೇಕು. ಪ್ರೊಟೊಟೈಪ್ ತಯಾರಾಗಿ ನಿಂತಿದೆ, ಬಂಪರುಗಳೂ ಆಗಲೇ ತಯಾರಾಗಿವೆ. ಇಸಿಗೋನಿಸ್‌ಗೆ ಕಾರು ಅಗಲ ಸಾಲದು ಅನಿಸ್ತು. ಉದ್ದಕ್ಕೆ ಎರಡು ಸೀಳು ಮಾಡಿಸಿ, ಎರಡೂ ಅರ್ಧಗಳನ್ನ ಸರಿಸುತ್ತಾ ಸರಿಸುತ್ತಾ ಕಣ್ಣಿಗೆ ಸರಿ ಅನಿಸಿದ ಕಡೆ ನಿಲ್ಲಿಸಿದರು. ನಾಲ್ಕು ಇಂಚು ಹೆಚ್ಚಾಯಿತು. ಮೊದಮೊದಲ ಕಾರುಗಳ ಬಂಪರಿನ ನಡುವೆ ಆ ನಾಲ್ಕು ಇಂಚಿನ ತೇಪೆ ಇದೆ, ಬಾನೆಟ್ ಮೇಲೂ ಒಂದು ಪಟ್ಟಿ ಇದೆ. ಕಂಪನಿ ಮಾಲೀಕ ಲಾರ್ಡ್ ನಫೀಲ್ಡ್‌ಗೆ ಕಾರು ಒಂಚೂರೂ ಹಿಡಿಸಲಿಲ್ಲ. ಆದರೆ ಹತ್ತು ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರು ಅದೇ ಆಯಿತು. ನಮ್ಮ ದೇಶದಲ್ಲೂ ಹಿಂದುಸ್ತಾನ್ ಮೋಟಾರ್ಸ್ ಅದನ್ನ ಬೇಬಿ ಹಿಂದುಸ್ತಾನ್ ಅಂತ ಮಾರಿತು.

1952ರಲ್ಲಿ ಅವರು ಆಲ್ವಿಸ್ ಕಂಪನಿಗೆ ಹೋಗಿ ಒಂದು ದೊಡ್ಡ ಕಾರು ಡಿಸೈನ್ ಮಾಡಿದರು, ಅದು ಕಾರ್ಖಾನೆಯಿಂದ ಹೊರಗೇ ಬರಲಿಲ್ಲ. ಅಷ್ಟರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸೇರಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಗಿತ್ತು. ಅದರ ಮುಖ್ಯಸ್ಥ ಲೆನಾರ್ಡ್ ಲಾರ್ಡ್ ಇವರನ್ನ ವಾಪಸ್ ಕರೆದರು. ಬಂದ ಮೇಲೂ ಮೊದಲು ಹಿಡಿದಿದ್ದು ದೊಡ್ಡ ಕಾರಿನ ಕೆಲಸವೇ.

ಆಗ ಬಂತು ಸುಯೆಜ್. 1956ರಲ್ಲಿ ಈಜಿಪ್ಟಿನ ನಾಸೆರ್ ಸುಯೆಜ್ ಕಾಲುವೆಯನ್ನ ರಾಷ್ಟ್ರೀಕರಣ ಮಾಡಿದರು, ಯುದ್ಧವಾಯಿತು, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್. ಜನ ಜರ್ಮನಿಯ ಮೂರು ಗಾಲಿಯ, ಗುಳ್ಳೆಯಂಥ ಕಾರುಗಳನ್ನ ಕೊಳ್ಳೋಕೆ ಶುರು ಮಾಡಿದರು. ಲಾರ್ಡ್‌ಗೆ ಅವು ಕಂಡ್ರೆ ಆಗ್ತಿರಲಿಲ್ಲ. 1957ರ ಮಾರ್ಚಿನಲ್ಲಿ ಇಸಿಗೋನಿಸ್‌ಗೆ ಹೇಳಿದರು: ದೊಡ್ಡ ಕಾರು ಪಕ್ಕಕ್ಕೆ ಇಡು, ಸಣ್ಣ ಕಾರು ಮಾಡು. ಷರತ್ತುಗಳು ಕೂಡ ಸ್ಪಷ್ಟ. ಕಾರು ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಪೆಟ್ಟಿಗೆಯೊಳಗೆ ಹಿಡಿಸಬೇಕು. ಆ ಹತ್ತರಲ್ಲಿ ಆರು ಅಡಿ ಮನುಷ್ಯರಿಗೆ. ಎಂಜಿನ್ನು ಹೊಸದು ಕೇಳಬಾರದು, ಇರೋದನ್ನೇ ಹಾಕಬೇಕು.

ಲೆಕ್ಕ ಮಾಡಿ ನೋಡ್ರಿ. ಉಳಿದಿದ್ದು ನಾಲ್ಕು ಅಡಿ. ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಡಿಕ್ಕಿ, ಟ್ಯಾಂಕು, ಸ್ಟೆಪ್ನಿ ಎಲ್ಲಾ. ಕಂಪನಿಯ ಹತ್ರ ಇದ್ದ ನಾಲ್ಕು ಸಿಲಿಂಡರಿನ ಎಂಜಿನ್ನನ್ನ ಮಾಮೂಲಿಯಂತೆ ಉದ್ದಕ್ಕೆ ಇಟ್ಟು ಹಿಂದೆ ಗೇರ್‌ಬಾಕ್ಸ್ ಜೋಡಿಸಿದ್ರೆ ಆ ನಾಲ್ಕು ಅಡಿ ಅಲ್ಲೇ ಖಲಾಸ್. ಅದರ ಮೇಲೆ ಹಿಂದಿನ ಗಾಲಿಗೆ ಪ್ರೊಪೆಲ್ಲರ್ ಶಾಫ್ಟ್ ಹೋಗಬೇಕು, ಅದಕ್ಕೆ ಕಾರಿನ ನಡುವೆ ದಿಬ್ಬ ಬರ್ತದೆ, ಹಿಂದೆ ನಡುವೆ ಕೂತವನ ಕಾಲು ಎಲ್ಲಿ ಇಡಬೇಕು ಅನ್ನೋ ಜಗಳ ಬೇರೆ.

ಇಸಿಗೋನಿಸ್ ಎಂಜಿನ್ನನ್ನ ಅಡ್ಡ ತಿರುಗಿಸಿದರು. ಅಡ್ಡ ಎಂಜಿನ್ನಿನ ಕಾರುಗಳು ಮೊದಲೂ ಬಂದಿದ್ದವು, ಆದರೆ ನಾಲ್ಕು ಸಿಲಿಂಡರಿನ ಎಂಜಿನ್ ಅಡ್ಡ ಇಟ್ಟು ಅದರ ಪಕ್ಕ ಗೇರ್‌ಬಾಕ್ಸನ್ನೂ ಇಟ್ಟರೆ ಅಷ್ಟು ಸಣ್ಣ ಕಾರಿನಲ್ಲಿ ಗಾಲಿ ತಿರುಗೋಕೆ ಜಾಗ ಇರಲ್ಲ. ಹಾಗಾಗಿ ಗೇರ್‌ಬಾಕ್ಸನ್ನ ಎಂಜಿನ್ನಿನ ಕೆಳಗೆ, ಆಯಿಲ್ ಇರೋ ಸಂಪಿನೊಳಗೇ ಇಟ್ಟರು. ಎರಡಕ್ಕೂ ಒಂದೇ ಆಯಿಲ್. ರೇಡಿಯೇಟರು ಮುಂದೆ ಅಲ್ಲ, ಪಕ್ಕಕ್ಕೆ. ಮುಂದಿನ ಗಾಲಿಗಳೇ ಎಳೆಯೋದ್ರಿಂದ ನಡುವಿನ ದಿಬ್ಬ ಸಣ್ಣದಾಯಿತು. ಗಾಲಿ ಕೂಡ ಜಾಗ ತಿನ್ನತಾವೆ, ಯಾಕಂದ್ರೆ ಅವುಗಳ ಮೇಲಿನ ಕಮಾನು ಒಳಗೆ ಬಂದು ಸೀಟನ್ನ ಒತ್ತತದೆ. ಅದಕ್ಕೆ ಬರೀ ಹತ್ತು ಇಂಚಿನ ಗಾಲಿ ಬೇಕು ಅಂದರು. ಅಂಥ ಟೈರನ್ನ ಡನ್‌ಲಪ್ ಕಂಪನಿ ಇದಕ್ಕಾಗಿಯೇ ಮಾಡಿಕೊಡಬೇಕಾಯಿತು. ನಮ್ಮ 800ದ್ದೇ 12 ಇಂಚು, ಅದನ್ನೇ ನಾವು ಆಟಿಗೆ ಗಾಲಿ ಅಂತ ನಗ್ತಿದ್ದೆವು. ಸ್ಪ್ರಿಂಗಿನ ಬದಲು ಗೆಳೆಯ ಅಲೆಕ್ಸ್ ಮೌಲ್ಟನ್ ಮಾಡಿಕೊಟ್ಟ ರಬ್ಬರ್ ಕೋನುಗಳು, ಒಂದು ಮುಷ್ಟಿಯಷ್ಟು ಜಾಗದಲ್ಲಿ ಕೆಲಸ ಮುಗೀತು. ಕೊನೆಗೆ ಕಾರಿನ ನೆಲದ ಸುಮಾರು 80 ಪಾಲು ಜನರಿಗೆ ಮತ್ತು ಸಾಮಾನಿಗೆ ಸಿಕ್ಕಿತು. 1958ರ ಜುಲೈನಲ್ಲಿ ಲಾರ್ಡ್ ಪ್ರೊಟೊಟೈಪನ್ನ ಒಂದು ಸುತ್ತು ಓಡಿಸಿ, ಒಂದು ವರ್ಷದೊಳಗೆ ಮಾರಾಟಕ್ಕೆ ಬರಬೇಕು ಅಂತ ಹೇಳಿಬಿಟ್ಟರು. 1959ರ ಆಗಸ್ಟ್ 26ಕ್ಕೆ ಬಂತು. ಬೆಲೆ 496 ಪೌಂಡು, ಎಂಜಿನ್ 848 ಸಿಸಿ.

ಇಷ್ಟು ಯಾವ ಆಟೊಮೊಬೈಲ್ ಪುಸ್ತಕದಲ್ಲೂ ಸಿಗ್ತದೆ. ನಮಗೆ ಬೇಕಾಗಿದ್ದು ಸಾಮಾನಿನ ವಿಷಯ, ಮತ್ತು ಅಲ್ಲಿ ಈ ಮನುಷ್ಯ ಇನ್ನೂ ಮಜಾ.

ಮೊದಲು ಬಾಗಿಲು. ಕಾರಿನ ಬಾಗಿಲು ದಪ್ಪ ಯಾಕಿರ್ತದೆ? ಗಾಜು ಕೆಳಗೆ ಇಳೀಬೇಕು, ಇಳಿಸೋ ಹಿಡಿಕೆ, ಅದರ ಗೇರು, ಹಳಿ ಎಲ್ಲ ಅದರ ಹೊಟ್ಟೆಯಲ್ಲಿ ಕೂಡಬೇಕು. ಇಸಿಗೋನಿಸ್ ಗಾಜನ್ನ ಇಳಿಸೋದೇ ಬೇಡ, ಪಕ್ಕಕ್ಕೆ ಸರಿಸಿದ್ರೆ ಸಾಕು ಅಂದರು. ತಕ್ಷಣ ಬಾಗಿಲಿನ ಹೊಟ್ಟೆ ಖಾಲಿ! ಬಾಗಿಲು ಅಂದ್ರೆ ಬರೀ ಹೊರಗಿನ ತಗಡು, ಒಳಗೆ ದೊಡ್ಡ ತೆರೆದ ಖಾನೆ. ಮೊಣಕೈಗೂ ಜಾಗ, ಸಾಮಾನಿಗೂ ಜಾಗ. ಒಳಗಿನಿಂದ ಬಾಗಿಲು ತೆಗೀಲಿಕ್ಕೆ ಹಿಡಿಕೆಯೂ ಇಲ್ಲ, ಒಂದು ತಂತಿ ಎಳೆದ್ರೆ ಆಯಿತು. ಆ ಖಾನೆಯ ಅಳತೆಯನ್ನ ಅವರು ತಮಗೆ ಇಷ್ಟವಾದ ಜಿನ್ ಬಾಟ್ಲಿ ಇಟ್ಟು ನಿರ್ಧರಿಸಿದರು ಅಂತ ಒಂದು ಕಥೆ ಇದೆ. ಕಥೆಯಷ್ಟೇ ಇರಬಹುದು. ಆದರೆ ಅಳತೆ ಟೇಪಿನಿಂದಲ್ಲ, ಇಡಬೇಕಾದ ವಸ್ತುವಿನಿಂದ ಶುರು ಆಗಬೇಕು ಅನ್ನೋದು ನಮಗೆ ಆ ಕಥೆಯಿಂದಲೇ ಹೊಳೀತು. ನಾವು ಮೂರು ಭಾನುವಾರ ಕಾರನ್ನ ಅಳೆದಿದ್ದೆವು, ಒಣದ್ರಾಕ್ಷಿ ಬಾಕ್ಸನ್ನ ಒಂದು ಸಲವೂ ಅಳೆದಿರಲಿಲ್ಲ.

ಆಮೇಲೆ ಡ್ಯಾಶ್‌ಬೋರ್ಡು. ಮಿನಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ನಡುವೆ ಒಂದೇ ಒಂದು ಗುಂಡು ಸ್ಪೀಡೋಮೀಟರು, ಪೆಟ್ರೋಲ್ ಎಷ್ಟಿದೆ ಅಂತಲೂ ಅದರೊಳಗೇ ತೋರಿಸ್ತದೆ. ಉಳಿದಿದ್ದೆಲ್ಲ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ನಮ್ಮ ಅಡುಗೆಮನೆ ಮಾಡದಂಥ ಒಂದು ತೆರೆದ ಕಪಾಟು. ಸ್ಪೀಡೋಮೀಟರು ನಡುವೆ ಇಟ್ಟಿದ್ದಕ್ಕೆ ಇನ್ನೊಂದು ಲಾಭ, ಸ್ಟೀರಿಂಗು ಎಡಕ್ಕೆ ಇದ್ರೂ ಬಲಕ್ಕೆ ಇದ್ರೂ ಅದನ್ನ ಬದಲಿಸಬೇಕಿಲ್ಲ. ಹಿಂದಿನ ಸೀಟಿನ ಎಡಬಲಕ್ಕೆ ಒಂದೊಂದು ಖಾನೆ. ಸೀಟಿನ ಕೆಳಗೂ ಪೊಳ್ಳು, ಅಲ್ಲಿಗೆ ಸರಿಹೊಂದೋ ಹೆಣಿಕೆಯ ಬುಟ್ಟಿಗಳನ್ನೂ ಮಾಡಿಸಿ ತೋರಿಸಿದ್ದರು. ಕಾರಿಗೆ ತಕ್ಕ ಬುಟ್ಟಿ! ನಮ್ಮಲ್ಲಿ ಜಾತ್ರೆಗೆ ಹೋಗುವ ಚಕ್ಕಡಿಯಲ್ಲಿ ಬುತ್ತಿಗಂಟು ಎಲ್ಲಿ, ನೀರಿನ ಕೊಡ ಎಲ್ಲಿ ಅಂತ ಅಜ್ಜಿಯರು ಲೆಕ್ಕ ಇಟ್ಟ ಹಾಗೆ.

ಡಿಕ್ಕಿ ಸಣ್ಣದು, ಅದರಲ್ಲೇ ಬ್ಯಾಟರಿ, ಸ್ಟೆಪ್ನಿ, ಒಂದು ಪಕ್ಕಕ್ಕೆ ಪೆಟ್ರೋಲ್ ಟ್ಯಾಂಕು. ಹೆಚ್ಚಿನ ಕಾರುಗಳಲ್ಲಿ ಡಿಕ್ಕಿಯ ಮುಚ್ಚಳ ಮೇಲಕ್ಕೆ ಎದ್ದರೆ, ಮಿನಿಯದ್ದು ಕೆಳಗೆ ಬಿಚ್ಚಿಕೊಂಡು ತಂತಿಯ ಮೇಲೆ ನಿಲ್ತದೆ. ಸಾಮಾನು ಹೆಚ್ಚಾದ್ರೆ ಮುಚ್ಚಳ ಬಿಚ್ಚಿಯೇ ಇಟ್ಟು ಅದರ ಮೇಲೆ ಹೇರಿಕೊಂಡು ಹೋಗಬಹುದು. ಹಂಗ ಹೋದ್ರೆ ನಂಬರ್ ಪ್ಲೇಟು ನೆಲ ನೋಡ್ತದಲ್ಲ, ಪೊಲೀಸರು ಹಿಡಿಯಲ್ವಾ? ಅದಕ್ಕೂ ಯೋಚನೆ ಆಗಿತ್ತು. ಪ್ಲೇಟಿಗೇ ಬೇರೆ ಕೀಲು, ಮುಚ್ಚಳ ಬಿಚ್ಚಿದಾಗ ಪ್ಲೇಟು ಮಾತ್ರ ನೇರ ತೂಗಾಡಿ ಓದಲಿಕ್ಕೆ ಸಿಗ್ತದೆ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗೋ ಕ್ರೂಸರ್‌ಗಳ ಹಿಂದೆ ಬಾಗಿಲು ತೆರೆದು ಚೀಲ ಹೇರಿದ್ದನ್ನ ನಾವು ಎಷ್ಟು ಸಲ ನೋಡಿಲ್ಲ. ಜನ ಹೀಗೆ ಮಾಡೇ ಮಾಡ್ತಾರೆ ಅಂತ ಗೊತ್ತಿದ್ದು, ಅದನ್ನ ತಪ್ಪು ಅನ್ನದೆ, ಅದಕ್ಕೆ ಬೇಕಾದ ಒಂದು ಕೀಲು ಇಟ್ಟ ಎಂಜಿನಿಯರ್ ಮೇಲೆ ನಮಗೆ ನಿಜವಾಗಲೂ ಪ್ರೀತಿ ಬಂತು.

ಹಾಗಂತ ಅವರು ಹೇಳಿದ್ದೆಲ್ಲ ಸರಿ ಅಂತ ಅಲ್ಲ. ಮೊದಲ ವರ್ಷದ ಕಾರುಗಳಲ್ಲಿ ಮಳೆ ಬಂದ್ರೆ ಕಾಲಕೆಳಗೆ ನೀರು, ಯಾಕಂದ್ರೆ ನೆಲದ ತಗಡಿನ ಜೋಡಣೆ ಉಲ್ಟಾ ದಿಕ್ಕಿಗೆ ಇತ್ತು. ಡಿಸ್ಟ್ರಿಬ್ಯೂಟರ್ ಮುಂದೆ ಇದ್ದದ್ದಕ್ಕೆ ನೀರು ಹಾರಿ ಎಂಜಿನ್ ಬಂದ್ ಬೀಳ್ತಿತ್ತು. ಸೀಟು ನೆಟ್ಟಗೆ, ಸ್ಟೀರಿಂಗು ಬಸ್ಸಿನ ಥರ. ಡ್ರೈವರ್ ಸ್ವಲ್ಪ ಅನಾನುಕೂಲದಲ್ಲಿ ಕೂತ್ರೆ ನಿದ್ದೆ ಬರಲ್ಲ ಅನ್ನೋದು ಅವರ ವಾದ. ಕಾರಿನಲ್ಲಿ ರೇಡಿಯೋ ಇರೋದೂ ಅವರಿಗೆ ಬೇಡ. ಬೇರೆಯವರ ಮಾತು ಕೇಳೋದು ಕಡಿಮೆ, ಮಾರ್ಕೆಟ್ ಸರ್ವೆ ಅಂದ್ರೆ ಅಲರ್ಜಿ. ದುಡ್ಡಿನ ಲೆಕ್ಕದಲ್ಲಂತೂ ಕಂಪನಿ ಪೂರ್ತಿ ಎಡವಿತು. ಫೋರ್ಡ್‌ನವರು ಒಂದು ಮಿನಿ ತಂದು ನಟ್ಟು ಬೋಲ್ಟು ಸಮೇತ ಬಿಚ್ಚಿ ಲೆಕ್ಕ ಹಾಕಿದಾಗ, ಆ ಬೆಲೆಗೆ ಮಾರಿದ್ರೆ ಪ್ರತಿ ಕಾರಿಗೂ ನಷ್ಟವೇ ಅಂತ ಕಂಡಿತು. ಅಷ್ಟು ಜಾಣ ಕಾರು ಮಾಡಿ ಅದರಿಂದ ದುಡ್ಡು ಮಾಡೋಕೆ ಬರಲಿಲ್ಲ ಅಂದ್ರೆ, ಅದೂ ಎಂಜಿನಿಯರಿಂಗ್ ತಪ್ಪೇ ಅಂತ ನಮ್ಮ ವಾದ. ನಮ್ಮಲ್ಲೇ ಒಬ್ಬರು ಇದನ್ನ ಒಪ್ಪಲ್ಲ, ಅದು ಅಕೌಂಟ್ಸ್‌ನವರ ತಪ್ಪಂತೆ.

ಸ್ಪೋರ್ಟ್ಸ್ ಕಾರಿನ ಮಾತು ಈಗ. ರೇಸ್ ಕಾರು ಕಟ್ಟುವ ಜಾನ್ ಕೂಪರ್ ಇವರ ಗೆಳೆಯರು. ಮಿನಿ ತಿರುವಿನಲ್ಲಿ ಹೋಗೋ ರೀತಿ ನೋಡಿ, ಇದಕ್ಕೆ ದೊಡ್ಡ ಎಂಜಿನ್, ಒಳ್ಳೇ ಬ್ರೇಕು ಹಾಕೋಣ ಅಂದರು. ಇಸಿಗೋನಿಸ್‌ಗೆ ಮೊದಲು ಮನಸ್ಸಿಲ್ಲ, ಅವರ ಪ್ರಕಾರ ಇದು ಸಾಮಾನ್ಯ ಜನರ ಕಾರು. ಕೂಪರ್ ಬಿಡಲಿಲ್ಲ. 1961ರಲ್ಲಿ ಮಿನಿ ಕೂಪರ್ ಬಂತು, 1963ರಲ್ಲಿ ಕೂಪರ್ ಎಸ್. 1964ರ ಮಾಂಟೆ ಕಾರ್ಲೊ ರ್‍ಯಾಲಿಯನ್ನ ಪ್ಯಾಡಿ ಹಾಪ್‌ಕರ್ಕ್ ಗೆದ್ದರು, 1965ರಲ್ಲಿ ಟಿಮೊ ಮ್ಯಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್. ನಡುವೆ 1966ರಲ್ಲಿ ಮೊದಲ ಮೂರೂ ಸ್ಥಾನ ಮಿನಿಗಳದ್ದೇ, ಆದರೆ ಹೆಡ್‌ಲೈಟಿನ ನಿಯಮ ಹೇಳಿ ಮೂರನ್ನೂ ಹೊರಗೆ ಹಾಕಿದರು. ದೊಡ್ಡ ದೊಡ್ಡ ಎಂಜಿನ್ನಿನ ಕಾರುಗಳನ್ನ ಹಿಮದ ಗುಡ್ಡದ ರಸ್ತೆಯಲ್ಲಿ ಸೋಲಿಸಿದ್ದು, ನಾಲ್ಕು ಜನ ಮತ್ತು ಬುಟ್ಟಿಗಳು ಹಿಡಿಸಲಿ ಅಂತ ಮಾಡಿದ ಕಾರು! ಗಾಲಿಗಳು ನಾಲ್ಕು ಮೂಲೆಗೆ ಸರಿದದ್ದು ಜಾಗಕ್ಕಾಗಿ, ರಸ್ತೆಗೆ ಅಂಟಿಕೊಂಡು ಹೋಗುವ ಗುಣ ಅದರಿಂದಲೇ ಬಂತು.

ಆದರೆ ವೇಗ ಬಂದ ಕೂಡಲೇ ಸಾಮಾನಿನ ಜಾಗ ಹೋಗೋಕೆ ಶುರು. 1966ರಿಂದ ಕೂಪರ್ ಎಸ್‌ನಲ್ಲಿ ಡಿಕ್ಕಿಯ ಇನ್ನೊಂದು ಪಕ್ಕಕ್ಕೂ ಎರಡನೇ ಪೆಟ್ರೋಲ್ ಟ್ಯಾಂಕು ಬಂತು. ಇದ್ದ ಸಣ್ಣ ಡಿಕ್ಕಿ ಇನ್ನೂ ಸಣ್ಣ. ಆಮೇಲೆ 1969ರಲ್ಲಿ ಗ್ರಾಹಕರು ಬಯಸಿದಂತೆ ಇಳಿಸೋ ಗಾಜು ಬಂತು. ಬಾಗಿಲಿನ ಖಾನೆಗಳು ಅವತ್ತೇ ಮುಗಿದವು. ಇಷ್ಟು ಓದಿದಾಗ ನಮ್ಮ 800ರ ಪ್ಲಾನು ಕೂಡ ಸ್ವಲ್ಪ ಅಲುಗಾಡಿತು ಅಂತ ಒಪ್ಪಿಕೊಳ್ಳಬೇಕು.

ಮುಂದಿನ ವರ್ಷಗಳನ್ನ ಬೇಗ ಹೇಳಿ ಮುಗಿಸ್ತೀವಿ. 1962ರಲ್ಲಿ ಅವರ 1100 ಬಂತು, ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟವಾದ ಕಾರು. 1964ರ 1800 ಒಳಗೆ ಬಂಗಲೆಯಷ್ಟು ದೊಡ್ಡದು, ಪ್ರಶಸ್ತಿಯೂ ಬಂತು, ಕೊಳ್ಳೋರು ಮಾತ್ರ ಕಡಿಮೆ. 1967ರಲ್ಲಿ ರಾಯಲ್ ಸೊಸೈಟಿ ಫೆಲೋ, 1969ರಲ್ಲಿ ಸರ್ ಪದವಿ. ಇದೇ ಹೊತ್ತಿಗೆ, 1968ರಲ್ಲಿ, ಕಂಪನಿ ಲೇಲ್ಯಾಂಡ್ ಜೊತೆ ಸೇರಿತು, ತಾಂತ್ರಿಕ ಮುಖ್ಯಸ್ಥನ ಕುರ್ಚಿ ಬೇರೆಯವರಿಗೆ ಹೋಯಿತು. ಮಿನಿಗಿಂತ ಉದ್ದ ಕಡಿಮೆ, ಒಳಗೆ ಜಾಗ ಹೆಚ್ಚು ಇರೋ ಇನ್ನೊಂದು ಕಾರನ್ನ ಅವರು ತಯಾರು ಮಾಡಿದ್ದರು, 9ಎಕ್ಸ್ ಅಂತ. ಕಂಪನಿ ಅದನ್ನ ಮೂಲೆಗೆ ಹಾಕಿತು. ಒಬ್ಬ ಮನುಷ್ಯನಿಗೆ ಸರ್ ಅಂತ ಕರೆದು, ಅವನ ಕೈಯಿಂದ ಕೆಲಸ ತೆಗೆಯೋದು ಒಂದೇ ಕಾಲಕ್ಕೆ ನಡೀತು.

1971ರಲ್ಲಿ ನಿವೃತ್ತಿ. ಅವತ್ತು ಅವರಿಗೆ ಕೊಟ್ಟ ಉಡುಗೊರೆ ಒಂದು ಮೆಕ್ಯಾನೊ ಸೆಟ್ಟು, ಮಕ್ಕಳು ನಟ್ಟು ಬೋಲ್ಟು ಹಾಕಿ ಕ್ರೇನು, ಸೇತುವೆ ಕಟ್ಟೋ ಆಟಿಕೆ, ಅದರಲ್ಲೇ ಅತಿ ದೊಡ್ಡ ಹತ್ತನೇ ನಂಬರಿನದ್ದು. ಅವರು ಮದುವೆ ಆಗಲಿಲ್ಲ. ಸ್ಮಿರ್ನಾದಿಂದ ಜೊತೆಗೆ ಬಂದ ಅಮ್ಮ ಕೊನೆವರೆಗೂ ಅವರ ಮನೆಯಲ್ಲೇ ಇದ್ದರು, 1972ರಲ್ಲಿ ತೀರಿಕೊಂಡರು. ಆಮೇಲೂ ಕಂಪನಿಗೆ ಸಲಹೆಗಾರರಾಗಿ ಇದ್ದುಕೊಂಡು, ಆವಿಯಲ್ಲಿ ಓಡುವ ಆಟಿಕೆ ರೈಲುಗಳನ್ನ ಮಾಡುತ್ತಾ ದಿನ ಕಳೆದರು. 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ ಹೋದರು, 81 ವರ್ಷ ಆಗಿತ್ತು. ಮಿನಿ ಅವರಿಗಿಂತ ಹನ್ನೆರಡು ವರ್ಷ ಹೆಚ್ಚು ಬದುಕಿತು. 2000ದ ಅಕ್ಟೋಬರಿನಲ್ಲಿ ಕೊನೆಯದು ಹೊರಬಂದಾಗ ಒಟ್ಟು ಸುಮಾರು 53 ಲಕ್ಷ ಆಗಿದ್ದವು. ಈಗ ಬಿಎಂಡಬ್ಲ್ಯು ಮಾರೋ ಮಿನಿ ಕೂಪರ್ 3.8 ಮೀಟರಿಗೂ ಹೆಚ್ಚು ಉದ್ದ ಇದೆ. ಹಳೇದು 3.05 ಮೀಟರು. ಹೆಸರು ಮಾತ್ರ ಮಿನಿ.

ಅವರ ಗೇರ್‌ಬಾಕ್ಸ್ ಸಂಪಿನೊಳಗೆ ಇಡೋ ವಿದ್ಯೆ ಬಹಳ ಜನ ಮುಂದುವರಿಸಲಿಲ್ಲ. ಫಿಯೆಟ್‌ನ ಡಾಂಟೆ ಜಕೋಸಾ ಅದನ್ನ ಎಂಜಿನ್ನಿನ ಪಕ್ಕಕ್ಕೆ ಇಡೋ ದಾರಿ ಕಂಡುಕೊಂಡರು, ಅದೇ ಎಲ್ಲ ಕಡೆ ಹಬ್ಬಿತು. ಆದರೆ ಅಡ್ಡ ಎಂಜಿನ್ನು, ಮುಂದಿನ ಗಾಲಿ ಎಳೆಯೋದು, ಉಳಿದ ಜಾಗ ಜನರಿಗೆ ಅನ್ನೋದು ಉಳೀತು. ತಿಕೋಟಾದ ಶೆಡ್ಡಿನ ಬಾಜೂಕ ನಾವು 800ರ ಬಾನೆಟ್ ಎತ್ತಿ ನೋಡಿದ್ರೆ 796 ಸಿಸಿ ಎಂಜಿನ್ ಅಡ್ಡಾನೇ ಕೂತಿದೆ. ಇಷ್ಟು ದಿನ ನೋಡಿದ್ದೆವು, ಯಾಕೆ ಹಂಗ ಕೂತಿದೆ ಅಂತ ಕೇಳಿರಲಿಲ್ಲ.

ನಮ್ಮ ಸ್ಪೋರ್ಟ್ಸ್ ಕಾರು ಏನಾಯಿತು ಅಂತ ಕೇಳ್ತೀರಿ. ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಥರ ಬದಲಿಸಿದ್ರೆ ಆರ್‌ಟಿಓ ಅನುಮತಿ ಬೇಕು ಅಂತ ಗೊತ್ತಾಗಿ ಹಿಂದಿನ ಸೀಟು ಕೀಳೋದು, ಕೆಳಗೆ ಇಳಿಸೋದು ಎರಡೂ ಬಿಟ್ಟೆವು. ಬದಲಿಗೆ ಮೊದಲು ಒಣದ್ರಾಕ್ಷಿ ಬಾಕ್ಸನ್ನ ಅಳೆದೆವು. ಆಮೇಲೆ ಜ್ಯಾಕು, ಪಾನಾ ಎಲ್ಲ ಒಂದು ಕ್ಯಾನ್ವಾಸ್ ಚೀಲದಲ್ಲಿ ಸುತ್ತಿ ಮುಂದಿನ ಎಡಗಡೆ ಸೀಟಿನ ಕೆಳಗೆ ಬೆಲ್ಟು ಹಾಕಿ ಬಿಗಿದೆವು. ಡ್ರೈವರ್ ಸೀಟಿನ ಕೆಳಗೆ ಬೇಡ, ಜಾರಿ ಬ್ರೇಕ್ ಪೆಡಲಿನ ಅಡಿಗೆ ಬಂದ್ರೆ ಕಥೆ ಮುಗೀತು. ಮುಂದಿನ ಸೀಟುಗಳ ಬೆನ್ನಿಗೆ ಗಟ್ಟಿ ಬಟ್ಟೆಯ ಖಾನೆ ಹೊಲಿಸಿದೆವು, ನೀರಿನ ಬಾಟ್ಲಿ, ಪೇಪರು, ಟವೆಲ್ಲು ಅಲ್ಲಿಗೆ. ಬಾಕ್ಸುಗಳನ್ನ ಚಪ್ಪಟೆ ಮಲಗಿಸೋ ಬದಲು ನಿಲ್ಲಿಸಿದಾಗ ಡಿಕ್ಕಿಯಲ್ಲಿ ಎರಡು ಹಿಡಿಸಿದವು. ಉಳಿದೆರಡು ಹಿಂದಿನ ಸೀಟಿನ ಒಂದು ಬದಿಗೆ.

ಹೋದ ವಾರ ಕಾಕಾ, ಕಾಕು, ನಾಲ್ಕು ಬಾಕ್ಸು, ಮತ್ತು ನಮ್ಮಲ್ಲಿ ಒಬ್ಬರು ತಿಕೋಟಾದಿಂದ ವಿಜಯಪುರಕ್ಕೆ ಒಂದೇ ಟ್ರಿಪ್ಪಿನಲ್ಲಿ ಬಂದೆವು. ಕಾಕು ಬುತ್ತಿಚೀಲ ಮಾತ್ರ ಯಾವ ಖಾನೆಗೂ ಕೊಡಲಿಲ್ಲ, ತೊಡೆ ಮೇಲೇ ಇಟ್ಕೊಂಡರು.